ಕುರೊಸಾವಾ ಕನಸುಗಳ ಬಗೆಗಿನ ನಿಮ್ಮ ಲೇಖನ: ಸಂಪಾದಕರ ಉತ್ತರ

ನಮಸ್ಕಾರ. ಜಪಾನಿನ ಚಿತ್ರನಿರ್ದೇಶಕ ಅಕಿರಾ ಕುರೊಸಾವಾ ತಮ್ಮ 80ನೇ ವಯಸ್ಸಿನ ಹೊತ್ತಿಗೆ ತೆರೆಗೆ ತಂದ, ಎಂಟು ಕನಸುಗಳ ಚಿತ್ರ ‘ಡ್ರೀಮ್ಸ್’ (1990) ಕುರಿತ ನಿಮ್ಮ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ವಿಷಯ ಒಳ್ಳೆಯದು, ತಿದ್ದಿ ಕಳಿಸಿ.

ಮೊದಲ ಎರಡು ಪುಟ ಕನಸುಗಳನ್ನು ವಿಶ್ಲೇಷಿಸಿದ ಮನೋವಿಜ್ಞಾನಿ ಫ್ರಾಯ್ಡ್‌ಗೇ ಹೋಗಿದೆ, ತೆಗೆದುಹಾಕಿ. ‘ಅಂತರಂಗದ ಅನಾವರಣ’ ಎಂಬ ಮಾತು ಪುಟಕ್ಕೊಮ್ಮೆ ಬರುತ್ತದೆ, ಒಂದು ಶಾಟ್‌ನ ವರ್ಣನೆ ಮಾತ್ರ ಎಲ್ಲೂ ಇಲ್ಲ. ಎಂಟೂ ಕನಸುಗಳಿಗೆ ಒಂದೊಂದು ಪ್ಯಾರಾ ಹಂಚಿದ್ದರಿಂದ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ.

ಮೊದಲನೆಯದೊಂದನ್ನೇ ಹಿಡಿಯಿರಿ. ಬಿಸಿಲುಮಳೆಯಲ್ಲಿ ನರಿಗಳ ಮದುವೆ ನಡೆಯುತ್ತದೆ, ನೋಡಬಾರದು ಎಂದು ತಾಯಿ ಹೇಳುತ್ತಾಳೆ. ಹುಡುಗ ಮರದ ಮರೆಯಿಂದ ನೋಡಿಬಿಡುತ್ತಾನೆ. ದಿಬ್ಬಣ ಕೆಲವು ಹೆಜ್ಜೆ ಇಟ್ಟು ತಟ್ಟನೆ ನಿಲ್ಲುತ್ತದೆ, ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಭಯ ಹುಟ್ಟುವುದು ಅಲ್ಲೇ. ಮನೆಗೆ ಬಂದರೆ ತಾಯಿ ಒಳಗೆ ಬಿಡದೆ ಕಿರುಗತ್ತಿ ಕೊಟ್ಟು, ನರಿಗಳ ಕ್ಷಮೆ ಕೇಳಿ ಬಾ ಎನ್ನುತ್ತಾಳೆ. ಆ ಮನೆಯ ಹೆಬ್ಬಾಗಿಲ ನಾಮಫಲಕದಲ್ಲಿರುವುದು ‘ಕುರೊಸಾವಾ’. ಚಿತ್ರ ಆತ್ಮಕಥನ ಎಂದು ನೀವು ಮೂರು ಪ್ಯಾರಾ ವಾದಿಸಿದ್ದೀರಿ. ಈ ಫಲಕವನ್ನು ಮಾತ್ರ ಬಿಟ್ಟಿದ್ದೀರಿ. ಬಿಸಿಲುಮಳೆ ಬಂದರೆ ಕಾಗೆಗೂ ನರಿಗೂ ಮದುವೆ ಎನ್ನುತ್ತಾ ಬೆಳೆದ ನಮ್ಮ ಓದುಗರಿಗೆ ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು.

ಹಾಗೆಂದು ಪ್ರತಿ ಕನಸನ್ನೂ ಬದುಕಿನ ಘಟನೆಗೆ ಗಂಟುಹಾಕಬೇಡಿ. ಸುರಂಗದ ಕನಸಿನಲ್ಲಿ ಸತ್ತ ಸೈನಿಕರಿಗೆ ಮುಖಾಮುಖಿಯಾಗುವ ಅಧಿಕಾರಿ ಸ್ವತಃ ಕುರೊಸಾವಾ ಎಂದು ಬರೆದಿದ್ದೀರಿ. ಅವರು ಯುದ್ಧಕ್ಕೆ ಹೋದವರೇ ಅಲ್ಲ. ಹೋಗದೆ ಉಳಿದವರ ಅಳುಕು ಅಲ್ಲಿದೆ ಎಂದು ಓದಬಹುದು, ಅದು ಇನ್ನೂ ಸ್ವಾರಸ್ಯದ ಓದು.

ಹೊಗಳಿಕೆ ಅತಿಯಾಗಿದೆ. ಅಣುಸ್ಥಾವರಗಳು ಸಿಡಿಯುವ ಕನಸಿನಲ್ಲಿ ವಿಕಿರಣಕ್ಕೆ ಬಣ್ಣ ಬಳಿದಿದ್ದಾರೆ: ಪ್ಲುಟೋನಿಯಂ ಕೆಂಪು, ಸ್ಟ್ರಾಂಷಿಯಂ ಹಳದಿ, ಸೀಸಿಯಂ ನೇರಳೆ. ಕಾಣದ್ದನ್ನು ಕಾಣಿಸುವ ಈ ಉಪಾಯ ಅದ್ಭುತ. ಆದರೆ ಯಾವ ಬಣ್ಣ ಏನು ಮಾಡುತ್ತದೆಂದು ಪಾತ್ರವೊಂದು ವಿವರಿಸತೊಡಗಿದ ಕೂಡಲೇ ಕನಸು ಭಾಷಣವಾಗುತ್ತದೆ. ನರಿಯ ದಿಬ್ಬಣಕ್ಕೆ ಅಂಥ ವಿವರಣೆಯ ಹಂಗಿಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಸಿಗುತ್ತದೆ.

ಇನ್ನು ತಪ್ಪುಗಳು. ಒಂದು ಕನಸಿನಲ್ಲಿ ಬರುವ ಚಿತ್ರಕಲಾವಿದ ವ್ಯಾನ್ ಗೋ ಪಾತ್ರ ಮಾಡಿದವರು ನೀವು ಬರೆದಂತೆ ಸ್ಪೀಲ್‌ಬರ್ಗ್ ಅಲ್ಲ, ಇನ್ನೊಬ್ಬ ಅಮೆರಿಕನ್ ನಿರ್ದೇಶಕ ಸ್ಕಾರ್ಸೆಸಿ. ಸ್ಪೀಲ್‌ಬರ್ಗ್ ನೆರವಾದದ್ದು ಚಿತ್ರಕ್ಕೆ ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಸಂಸ್ಥೆಯ ಹಣ ದೊರಕಿಸುವುದರಲ್ಲಿ. ಇದು ಕುರೊಸಾವಾ ಅವರ ಕೊನೆಯ ಚಿತ್ರವೂ ಅಲ್ಲ, 1991 ಮತ್ತು 1993ರಲ್ಲಿ ಇನ್ನೆರಡು ಬಂದವು. ಇಳಿವಯಸ್ಸಿನ ನಿರ್ದೇಶಕರ ಕನಸುಗಳೆಂದು ಹೋಲಿಕೆಗೆ ತಂದ, ಸ್ವೀಡನ್ನಿನ ಬರ್ಗ್‌ಮನ್‌ರ ‘ವೈಲ್ಡ್ ಸ್ಟ್ರಾಬೆರೀಸ್’ ಇಲ್ಲಿ ನಿಲ್ಲುವುದಿಲ್ಲ: ಅದು ತೆರೆಕಂಡ 1957ರಲ್ಲಿ ಮುಖ್ಯಪಾತ್ರದ ನಟ ಶೋಸ್ತ್ರಮ್‌ಗೆ 78 ವರ್ಷ, ನಿರ್ದೇಶಕರಿಗೆ ಬರೀ 39.

900 ಪದ ಮೀರದಂತೆ ಬರೆಯಿರಿ. ಬರೆಯುವ ಮುನ್ನ ಮೊದಲ ಕನಸನ್ನು ಒಮ್ಮೆ ಶಬ್ದ ತೆಗೆದು ನೋಡಿ, ಶಾಟ್‌ಗಳನ್ನು ಗುರುತು ಹಾಕಿಕೊಳ್ಳಿ. ಆ ಟಿಪ್ಪಣಿಯನ್ನೂ ಲೇಖನದ ಜೊತೆ ಕಳಿಸಿ.