ಸಭೆ ಬಿಟ್ಟ ತಮ್ಮ: ರಕ್ಷಣೆ ಕಳೆದುಕೊಂಡನೋ, ಸಿಕ್ಕೇ ಇರಲಿಲ್ಲವೋ?

ಪ್ರಶ್ನೆ: ನನ್ನ ತವರು ರಾಯಚೂರು, ಮೆಥಡಿಸ್ಟ್ ಸಭೆಯವರು. ಬಳ್ಳಾರಿಯ ಸಿಎಸ್ಐ (ದಕ್ಷಿಣ ಭಾರತ ಸಭೆ) ಮನೆಗೆ ಕೊಟ್ಟಿದ್ದಾರೆ. ತಮ್ಮ ಶಕ್ತಿನಗರದಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಯೂತ್ ಮೀಟಿಂಗಿನಲ್ಲಿ ಹಾಡು ನಡೆಸುತ್ತಿದ್ದವನು ಅಪ್ಪ ತೀರಿಕೊಂಡ ಮೇಲೆ ಸಭೆಯ ಕಡೆ ತಲೆಹಾಕಿಲ್ಲ. ಮನೆಯಲ್ಲಿ ಪ್ರಾರ್ಥನೆ ಶುರುವಾದರೆ ಎದ್ದು ಹೊರಗೆ ಹೋಗುತ್ತಾನೆ. ದೊಡ್ಡಪ್ಪ ಅವನು ರಕ್ಷಣೆ, ಅಂದರೆ ಕ್ರಿಸ್ತನಿಂದ ಸಿಕ್ಕ ಪಾಪವಿಮೋಚನೆ, ಕಳೆದುಕೊಂಡ ಅಂತಾರೆ. ಮಾವನವರು, ಅವನು ನಿಜವಾದ ವಿಶ್ವಾಸಿಯೇ ಆಗಿರಲಿಲ್ಲ ಅಂತಾರೆ. ಯಾರ ಮಾತು ಸರಿ?
(ಒಬ್ಬ ಅಕ್ಕ, ಬಳ್ಳಾರಿ)

ಉತ್ತರ: ತಂಗೀ, ನಿಮ್ಮ ಎರಡೂ ಮನೆಯ ಹಿರಿಯರು ನಾನೂರು ವರ್ಷದ ಹಳೇ ವಾದವನ್ನೇ ಆಡುತ್ತಿದ್ದಾರೆ. ದೇವರು ಆರಿಸಿಕೊಂಡವರನ್ನು ಕೊನೆತನಕ ಬಿಡುವುದಿಲ್ಲ, ಪೂರ್ತಿ ಬಿಟ್ಟುಹೋದವನು ಮೊದಲಿಂದಲೂ ಅವರಲ್ಲಿ ಒಬ್ಬನಾಗಿರಲಿಲ್ಲ ಅನ್ನುವುದು ಸಭಾ ಸುಧಾರಕ ಕಾಲ್ವಿನನ ಕಡೆಯವರ ನಂಬಿಕೆ. ಹಾಲೆಂಡಿನಲ್ಲಿ ಅರ್ಮೀನಿಯಸ್ ಎಂಬ ಬೋಧಕನ ಶಿಷ್ಯರು 1610ರಲ್ಲಿ, ಇದನ್ನು ಬೈಬಲಿನ ವಾಕ್ಯದಲ್ಲಿ ಇನ್ನೂ ಹುಡುಕಿ ನೋಡಬೇಕು ಎಂದರು. 1618-19ರಲ್ಲಿ ಅಲ್ಲಿನ ಡಾರ್ಟ್ ಊರಿನಲ್ಲಿ ಕೂಡಿದ ಕಾಲ್ವಿನನ ಕಡೆಯ ಧರ್ಮಗುರುಗಳ ಸಭೆ ಅವರನ್ನು ತಳ್ಳಿಹಾಕಿತು. ಮುಂದೆ ಇಂಗ್ಲೆಂಡಿನ ಜಾನ್ ವೆಸ್ಲಿ ಅರ್ಮೀನಿಯಸನ ಕಡೆ ನಿಂತು, ವಿಶ್ವಾಸಿಯೂ ಬಿದ್ದುಹೋಗಬಹುದು ಎಂದ. ನಿಮ್ಮ ದೊಡ್ಡಪ್ಪನಂಥ ಮೆಥಡಿಸ್ಟರು ವೆಸ್ಲಿಯ ದಾರಿಯವರು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನವರು ಹೆಚ್ಚಾಗಿ ಕಾಲ್ವಿನನ ಸಾಲಿನವರು, ಅವರ ಸಭೆಗಳೇ ಮುಂದೆ ಸಿಎಸ್ಐಗೆ ಸೇರಿದವು. ನಿಮ್ಮ ಮಾವನವರ ಮಾತಿನ ಬೇರು ಅಲ್ಲೇ ಇರಬೇಕು.

ಮಾವನವರು ಹಿಡಿದಿರುವುದು ಯೋಹಾನನ ಮೊದಲ ಪತ್ರದ 2:19, 'ನಮ್ಮೊಳಗಿಂದ ಹೊರಟುಹೋದವರು ನಮ್ಮವರಾಗಿರಲಿಲ್ಲ' ಅನ್ನುವ ಮಾತು ಅಲ್ವಾ? ಹಿಂದೆ ಮುಂದೆ ಓದಿ ನೋಡಿ. ಅಲ್ಲಿ ಹೇಳಿರುವುದು ಯೇಸು ಕ್ರಿಸ್ತನೇ ಅಲ್ಲ ಅನ್ನುತ್ತಿದ್ದ, ಉಳಿದವರನ್ನೂ ದಾರಿ ತಪ್ಪಿಸುತ್ತಿದ್ದ ಬೋಧಕರ ಬಗ್ಗೆ. ಅಪ್ಪನನ್ನು ಕಳೆದುಕೊಂಡು ಬಾಯಿ ಕಟ್ಟಿದಂತಾದ ಹುಡುಗನ ಮೇಲೆ ಅದನ್ನು ಹೇರುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ವಿಷಯ, ಡಾರ್ಟ್ ಸಭೆಯ ತೀರ್ಮಾನದಲ್ಲೇ ದಾವೀದ ಮತ್ತು ಪೇತ್ರನ ಹೆಸರಿದೆ: ನಿಜವಾದ ವಿಶ್ವಾಸಿಗಳೂ ಘೋರವಾಗಿ ಬೀಳಬಹುದು, ಸ್ವಲ್ಪ ಕಾಲ ಕೃಪೆಯ ಅರಿವೇ ಇಲ್ಲದಂತಾಗಬಹುದು, ಆದರೂ ದೇವರು ಎಬ್ಬಿಸುತ್ತಾನೆ ಅಂತ. ಹಾಗಾದರೆ ಬಿದ್ದವನನ್ನು ನೋಡಿ 'ಇವನು ವಿಶ್ವಾಸಿಯೇ ಅಲ್ಲ' ಅಂತ ಈಗಲೇ ಹೇಳಲು ಮಾವನವರ ಸ್ವಂತ ಬೋಧನೆಯೇ ಬಿಡುವುದಿಲ್ಲ.

ದೊಡ್ಡಪ್ಪ ಇಬ್ರಿಯರಿಗೆ ಬರೆದ ಪತ್ರದ 6:4-6 ತೋರಿಸಿರುತ್ತಾರೆ. ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯ ಅನ್ನುವ ಭಾಗ. ಕಠಿಣವಾದ ಮಾತು, ಅದನ್ನು ಮೆತ್ತಗೆ ಮಾಡಿ ಹೇಳುವವರು ನನಗೆ ಹಿಡಿಸುವುದಿಲ್ಲ. ಇಷ್ಟು ಎಚ್ಚರಿಕೆಯನ್ನು ಸುಮ್ನೆ ಬರೆದಿರಲಾರರು, ವಿಶ್ವಾಸಿ ನಂಬಿಕೆ ಬಿಟ್ಟುಹೋಗಲು ಸಾಧ್ಯ ಅಂತಲೇ ನಾನೂ ನಂಬುತ್ತೇನೆ. ಆದರೆ ಅದೇ ಬರಹಗಾರ ಮೂರು ವಚನ ದಾಟುವಷ್ಟರಲ್ಲಿ 'ಪ್ರಿಯರೇ' ಎಂದು ಕರೆದು, ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯಿದೆ ಅನ್ನುತ್ತಾನೆ. ಬೀಳಬಹುದು ಎಂದ ವೆಸ್ಲಿಯೂ, ಬಿದ್ದವರು ತಿರುಗಿ ಬರಬಹುದು, ಎಷ್ಟೋ ಜನ ಬಂದಿದ್ದಾರೆ ಅಂತ ಒತ್ತಿ ಹೇಳಿದವನೇ. ಸಭೆಗೆ ಬಾರದಿರುವುದೂ ಕ್ರಿಸ್ತನನ್ನು ತಿಳಿದೂ ತಿಳಿದೂ ತಿರಸ್ಕರಿಸುವುದೂ ಒಂದೇ ಎಂದು ದೊಡ್ಡಪ್ಪ ಹೇಗೆ ತೀರ್ಮಾನಿಸಿದರು? ನಿಮ್ಮ ತಮ್ಮ ಹಾಗೆ ಹೇಳಿದ್ದಾನೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಅವನ ವಾರದ ರಜೆ ನೋಡಿಕೊಂಡು ನೀವೇ ರಾಯಚೂರಿಗೆ ಹೋಗಿ ಬನ್ನಿ. ಪಾಸ್ಟರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ, ವಚನ ಓದಿಸಬೇಡಿ. ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಯಾರಿದ್ದರು, ಸಭೆಯವರು ಬಂದಿದ್ದರಾ, ಆವಾಗ ಅವನು ಏನು ಪ್ರಾರ್ಥಿಸಿದ್ದ ಅಂತ ಕೇಳಿ. ಸಿಟ್ಟಿನಿಂದ ಮಾತಾಡಿದರೂ ಪೂರ್ತಿ ಮಾತಾಡಲು ಬಿಡಿ. ಪೇತ್ರ ಮೂರು ಸಲ ಅಲ್ಲಗಳೆಯುವ ಮೊದಲೇ ಯೇಸು, ನಿನ್ನ ನಂಬಿಕೆ ಕುಂದಿಹೋಗದಿರಲಿ ಎಂದು ಪ್ರಾರ್ಥಿಸಿದ್ದೇನೆ ಅಂದದ್ದು ಲೂಕ 22:32ರಲ್ಲಿದೆ. ತಮ್ಮನಿಗಾಗಿ ಅದನ್ನೇ ಬೇಡಿಕೊಳ್ಳಿ. ಮಾವನವರೂ ದೊಡ್ಡಪ್ಪನೂ ಈ ಒಂದು ಪ್ರಾರ್ಥನೆಗೆ ಆಮೆನ್ ಅನ್ನಬಹುದು.