ಹೆರಿಗೆ ಆದ ಕೂಡಲೇ ವಂಕಿ ಹಾಕಿಸಬಹುದಾ? ಅತ್ತೆ ಬೇಡ ಅಂತಿದ್ದಾರೆ

ಆಳಂದ ಕಡೆಯವರು, ಮೊದಲ ಹೆರಿಗೆ ಹತ್ತಿರ ಬಂದಿದೆ, ಆಸ್ಪತ್ರೆಯಲ್ಲಿ ವಂಕಿ (ಬಸುರಿ ಆಗದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸ್ಕೊ ಅಂದರು, ಅತ್ತೆ ಮಾತ್ರ "ಅದು ಎದಿಗಿ ಏರ್ತದ" ಅಂತಾರೆ ಅಂತ ಬರೆದಿದ್ದೀರಿ. ನಾನು ಸೇಡಂ ಕಡೆ ನರ್ಸ್. ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ.

ಎದೆಗೆ ಏರಲ್ಲ ತಂಗಿ, ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಹಾಕುವಾಗ ಗರ್ಭಕೋಶಕ್ಕೆ ತೂತು ಬೀಳೋದು ಸಾವಿರಕ್ಕೊಬ್ಬರಿಗೆ ಅನ್ನುವಷ್ಟು ಅಪರೂಪ. ಜಾಸ್ತಿ ಆಗೋದು ಕೆಳಗೆ ಜಾರಿ ಬೀಳೋದು. ಹೆರಿಗೆಯ ಬೆನ್ನಿಗೇ ಹಾಕಿಸಿದರೆ ಅದು ಇನ್ನೂ ಸ್ವಲ್ಪ ಹೆಚ್ಚು. ಅದಕ್ಕೇ ಆರು ವಾರಕ್ಕೆ ಬಂದು ತೋರಿಸಿ ಅನ್ನುತ್ತೇವೆ. ಎದೆಹಾಲು ಕಡಿಮೆಯಾಗಲ್ಲ.

ನಮ್ಮ ಹೆಂಗಸರಿಗೆ ಏನೂ ಗೊತ್ತಿಲ್ಲ ಅಂತ ಮೀಟಿಂಗಿನಲ್ಲಿ ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ವಂಕಿ ಹೆಸರು ಎಲ್ಲರಿಗೂ ಗೊತ್ತು, ಪಕ್ಕದ ಮನೆಯವಳಿಗೆ ಏನಾಯ್ತು ಅನ್ನೋದೂ ಗೊತ್ತು. ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು, ಕಿಬ್ಬೊಟ್ಟೆ ಹಿಂಡಬಹುದು. ಇದನ್ನು ಮೊದಲೇ ಹೇಳದೆ ಹಾಕಿ ಕಳಿಸಿದರೆ ಯಾರಾದರೂ ಹೆದರುತ್ತಾರೆ, ಅಲ್ವಾ? ನಿಮಗೆ ರಕ್ತ ಕಡಿಮೆ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ.

ಒಮ್ಮೆ ಒಬ್ಬ ಅತ್ತೆಯ ಕೈಗೆ ಮಾದರಿ ವಂಕಿ ಇಟ್ಟೆ. ಒಂದೂವರೆ ಇಂಚೂ ಇಲ್ಲ, ತುದಿಗೆ ಸಣ್ಣ ದಾರ. "ಇಷ್ಟ ಏನ್? ನಾ ಕುಡಗೋಲಿನಂಗ ಇರ್ತದ ಅಂದ್ಕೊಂಡಿದ್ದೆ" ಅಂತ ನಕ್ಕರು. ಆಮೇಲೆ ದಾರ ಹಿಡಿದು ನೋಡುತ್ತಾ ಕೇಳಿದರು, "ಬ್ಯಾಡಾದ್ರ ಬಿಚ್ಚಿ ಕೊಡ್ತೀರೇನ್ರಿ?"

ನಿಜವಾದ ಹೆದರಿಕೆ ಇಲ್ಲಿದೆ ಅಂತ ನನ್ನ ಲೆಕ್ಕ. ವಂಕಿಯಲ್ಲಿ 380ಎ ಅನ್ನೋ ಬಗೆ ಹತ್ತು ವರ್ಷ, 375 ಅನ್ನೋ ಬಗೆ ಐದು ವರ್ಷ ಕೆಲಸ ಮಾಡುತ್ತದೆ. ಆದರೆ ಬೇಡ ಅನ್ನಿಸಿದ ದಿನ ತೆಗೆಸಬಹುದು, ಮುಂದಿನ ತಿಂಗಳೇ ಬಸುರಿ ಆಗಬಹುದು. ತೆಗೆಸೋಕೆ ಹೋದವಳಿಗೆ "ಇನ್ನೂ ಸ್ವಲ್ಪ ದಿನ ತಡಿ" ಅಂತ ವಾಪಸ್ ಕಳಿಸಿದರೆ ಆ ಊರಲ್ಲಿ ಮತ್ಯಾರೂ ಹಾಕಿಸಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಒಮ್ಮೆ ಮಾಡಿಸಿದರೆ ಮತ್ತೆ ಯಾರ ಬಾಗಿಲಿಗೂ ಹೋಗಬೇಕಿಲ್ಲ ಅನ್ನೋದೂ ಅದಕ್ಕೊಂದು ಕಾರಣ ಇರಬೇಕು.

ಹಾಗಾಗಿ ಹೆರಿಗೆ ನೋವು ಶುರುವಾಗುವ ಮೊದಲೇ, ಈ ತಿಂಗಳ ತಪಾಸಣೆಯಲ್ಲೇ, ತೆಗೆಸೋದರ ಬಗ್ಗೆ ಕೇಳಿಬಿಡಿ. ಅತ್ತೆಯನ್ನೂ ಕರ್ಕೊಂಡು ಹೋಗಿ. ಒಪ್ಪಿಗೆ ಮಾತ್ರ ನಿಮ್ಮದಿರಬೇಕು, ನೋವಿನಲ್ಲಿ ಒದ್ದಾಡುವಾಗ ಹೂಂ ಅನ್ನಿಸಿಕೊಳ್ಳೋದು ಒಪ್ಪಿಗೆ ಅಲ್ಲ. ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸದಿದ್ದರೆ ಆರು ವಾರ ಕಾಯಬೇಕು. ವಂಕಿಯೇ ಬೇಡ ಅಂದರೆ, ಬಸುರಿ ಆಗದಂತೆ ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್ ಇದೆ. ಅದನ್ನು ಬಿಟ್ಟಮೇಲೆ ಬಸುರಿ ಆಗೋಕೆ ಕೆಲವು ತಿಂಗಳು ತಡವಾಗುತ್ತದೆ.

ಹಾಕಿಸಿದರೆ ಕಾರ್ಡ್ ಕೇಳಿ ಇಸ್ಕೊಳ್ಳಿ. ಕೆಲಸಕ್ಕೆ ಪುಣೆ, ಮುಂಬೈ ಕಡೆ ಹೋದರೂ ಜೊತೆಗಿರಲಿ. ಜ್ವರ, ಕೆಟ್ಟ ವಾಸನೆಯ ಬಿಳಿಸೆರಗು, ತಡೆಯಲಾಗದ ಹೊಟ್ಟೆನೋವು ಬಂದರೆ, ಇಲ್ಲಾ ಶುರುವಾದ ಮುಟ್ಟು ನಿಂತರೆ, ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ.