ಸಂಪಾದಕರ ಉತ್ತರ: ಎರಡನೇ ‘ಬಿಟ್ಟಳು’

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ಮೊನ್ನೆ ಒಂದು ಕವಿಗೋಷ್ಠಿಗೆ ಹೋಗಿದ್ದೆ. 22 ಕವಿಗಳು. ಒಬ್ಬೊಬ್ಬರಿಗೆ 3 ನಿಮಿಷ, ಆಮೇಲೆ ಗಂಟೆ ಬಾರಿಸುತ್ತಿದ್ದರು. ಒಂದು ಸಾಲೂ ಮನಸ್ಸಿನಲ್ಲಿ ಉಳಿಯಲಿಲ್ಲ. ಕೆಲವರದು ಕವಿತೆಗಿಂತ ಪೀಠಿಕೆಯೇ ಜಾಸ್ತಿ. ಕವಿತೆ ತಾನೇ ಮಾತಾಡಬೇಕು ಅಲ್ವಾ? ಮನೆಯಲ್ಲಿ ಕೂತು ಪುಸ್ತಕ ಓದುವುದೇ ವಾಸಿ ಅನಿಸಿತು.’

ನಿಮ್ಮ ಬೇಸರ ನ್ಯಾಯವಾದದ್ದೇ. ಅಂಥ ಗೋಷ್ಠಿಗಳಲ್ಲಿ ನಾನೂ ಕೂತಿದ್ದೇನೆ. ಕೇಳಿದ ಕವಿತೆ ಒಳಗಿಳಿಯುವ ಹೊತ್ತಿಗೆ ಮುಂದಿನ ಕವಿ ಮೈಕ್ ಸರಿಮಾಡಿಕೊಳ್ಳುತ್ತಿರುತ್ತಾರೆ. ಆದರೆ ಮನೆಯಲ್ಲಿ ಓದಿದರೆ ಸಾಕು ಅನ್ನುವುದನ್ನು ಮಾತ್ರ ಒಪ್ಪಲಾರೆ.

ಕಳೆದ ವರ್ಷ ನಾವು ಒಬ್ಬ ಕವಯಿತ್ರಿಯ ಕವಿತೆ ಅಚ್ಚು ಹಾಕಿದೆವು. ಅದರಲ್ಲಿ ಒಬ್ಬ ಅಜ್ಜಿ ಬಾವಿಗೆ ‘ಹಗ್ಗ ಬಿಟ್ಟಳು’. ಕೆಳಗಿನ ಸಾಲಿನಲ್ಲಿ ಒಂದೇ ಪದ, ಮತ್ತೆ ‘ಬಿಟ್ಟಳು’. ಪುಟದಲ್ಲಿ ಜಾಗ ಸಾಲದೆ ನಾನೇ ಎರಡೂ ಸಾಲು ಸೇರಿಸಿ, ನಡುವೆ ಅಲ್ಪವಿರಾಮ ಹಾಕಿದೆ. ಸುಮ್ನೆ ಒತ್ತು ಕೊಡಲು ಎರಡು ಸಲ ಬರೆದಿದ್ದಾರೆ ಅಂದುಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ಅವರು ಒಂದು ಲೈಬ್ರರಿಯಲ್ಲಿ ಅದೇ ಕವಿತೆ ಓದಿದರು. ಮೂವತ್ತು ಜನ ಇದ್ದೆವೇನೋ. ಮೊದಲ ‘ಬಿಟ್ಟಳು’ವನ್ನು ಎಳೆದು ಓದಿದರು. ಹಗ್ಗದ ಜೊತೆಗೆ ದನಿಯೂ ಕೆಳಗಿಳಿಯಿತು. ಆಮೇಲೆ ನಿಲ್ಲಿಸಿದರು. ಫ್ಯಾನಿನ ಸದ್ದು ಕೇಳುವಷ್ಟು ಹೊತ್ತು. ಎರಡನೆಯದನ್ನು ಚಿಕ್ಕದಾಗಿ, ಒಣ ದನಿಯಲ್ಲಿ ಹೇಳಿದರು. ಓದಿ ಮುಗಿದ ಮೇಲೆ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ಅದು ಎರಡು ಸಲ ಯಾಕೆ?’ ಅವರೆಂದರು: ‘ಎರಡನೇದು ಬೇರೆ ಬಿಟ್ಟಳು ಕಣಮ್ಮಾ. ಬಾವಿ ಬತ್ತಿತು. ಅಜ್ಜಿ ಊರೇ ಬಿಟ್ಟಳು.’

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದು ಊರು ಖಾಲಿಯಾದದ್ದನ್ನು ನಾನು ಅಲ್ಪವಿರಾಮದಲ್ಲಿ ಮುಚ್ಚಿಹಾಕಿದ್ದೆ.

ಅಲ್ಲಿದ್ದವರೆಲ್ಲ ಇನ್ನೊಮ್ಮೆ ಓದಿ ಎಂದರು. ಅವರು ಓದಿದರು. ಈ ಸಲ ಆ ಮೌನ ಬರುವ ಮೊದಲೇ ನಾವೆಲ್ಲ ಅದಕ್ಕೆ ಕಾಯುತ್ತಿದ್ದೆವು.

ಕವಿ ವಿವರಿಸಬಾರದು ಅಂತೀರಿ. ಓದುವ ಮೊದಲು ಬೇಡ, ನಿಜ. ಕೇಳುವವರ ತಲೆಯಲ್ಲಿ ಅರ್ಥ ಮೊದಲೇ ಬಂದು ಕೂತರೆ ಪದಗಳಿಗೆ ಜಾಗ ಇರುವುದಿಲ್ಲ. ಓದಿದ ಮೇಲೆ ಮಾತಾಡಲಿ. ನಮ್ಮ ಗಮಕ ಕಲೆಯ ಕ್ರಮವೂ ಇದೇ ತಾನೆ? ಗಮಕಿ ಮೊದಲು ಪದ್ಯ ವಾಚಿಸುತ್ತಾರೆ, ಆಮೇಲೆ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಹೊಸಹಳ್ಳಿಯಲ್ಲಿ, ಶಿವಮೊಗ್ಗದ ಪಕ್ಕದಲ್ಲೇ, ಜನ ಕುಮಾರವ್ಯಾಸನನ್ನು ಹೀಗೆ ಕೇಳುತ್ತ ಬಂದಿದ್ದಾರೆ.

ಒಂದು ವ್ಯತ್ಯಾಸವಿದೆ. ಕುಮಾರವ್ಯಾಸ ಬರೆದ ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ನಡಿಗೆ ಮೊದಲೇ ಗೊತ್ತಿರುತ್ತದೆ. ಗಮಕಿಗೂ ಕೇಳುವವರಿಗೂ ಅದೇ ಹಿಡಿಕೆ. ಗೋಪಾಲಕೃಷ್ಣ ಅಡಿಗರ ಕಾಲದಿಂದೀಚೆಗೆ ಹೊಸ ಕವಿತೆ ಆ ಹಿಡಿಕೆ ಬಿಟ್ಟು ಆಡುಮಾತಿನ ಲಯಕ್ಕೆ ಹತ್ತಿರವಾಯಿತು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಎಳೆಯಬೇಕು ಅನ್ನುವುದು ಈಗ ಕವಿತೆ ಕವಿತೆಗೂ ಬೇರೆ. ಹಾಗಾಗಿ ಗಮಕಿ ಬೇಕಿಲ್ಲದ ಕವಿತೆಗೇ ಕವಿಯ ದನಿ ಜಾಸ್ತಿ ಬೇಕು. ಎಲ್ಲ ಕವಿಗಳೂ ಚೆನ್ನಾಗಿ ಓದುವುದಿಲ್ಲ, ಒಪ್ಪುತ್ತೇನೆ. ತಡವರಿಸಿದರೂ ಎಲ್ಲಿ ತಡವರಿಸಿದರು ಅಂತ ಕೇಳಿಸಿಕೊಳ್ಳಿ.

ನಿಮ್ಮ ಊರಿನ ಲೈಬ್ರರಿ ಹಾಲ್ ಭಾನುವಾರ ಖಾಲಿ ಇರುತ್ತದೆ ಅಂತಲೂ ಬರೆದಿದ್ದೀರಿ. ಮೂರೇ ಕವಿಗಳನ್ನು ಕರೆಯಿರಿ. ಗಂಟೆ ಬೇಡ. ಓದಲಿ, ಕೇಳುವವರು ಪ್ರಶ್ನೆ ಕೇಳಲಿ, ಅದೇ ಕವಿತೆ ಮತ್ತೊಮ್ಮೆ ಓದಲಿ. ನಾನೂ ಬರುತ್ತೇನೆ.

ಆ ಬಾವಿಯ ಕವಿತೆಯನ್ನು ಸಾಲು ಸರಿಪಡಿಸಿ ಈ ಸಂಚಿಕೆಯಲ್ಲಿ ಮತ್ತೆ ಅಚ್ಚು ಹಾಕಿದ್ದೇವೆ. ದಯವಿಟ್ಟು ಗಟ್ಟಿಯಾಗಿ ಓದಿ.